ಕುಂಕುಮ ಹಚ್ಚಿದ ರಿವಾಲ್ವರ್

ನಮ್ಮ ಮನೆಗೆ ರಿವಾಲ್ವರ್ ಬಂದದ್ದು ನನ್ನನ್ನು ಕಾಯುವುದಕ್ಕೆ. ಅರ್ಜಿಯಲ್ಲಿ ಹಾಗಂತ ಬರೆದಿತ್ತಂತೆ. ನನ್ನನ್ನು ಯಾರೂ ಕೇಳಿರಲಿಲ್ಲ.

ನಮ್ಮ ಯಜಮಾನರು ದೆಹಲಿಯಲ್ಲಿ ಸೆಂಟ್ರಲ್ ಗವರ್ನಮೆಂಟ್ ಗುಮಾಸ್ತರಾಗಿದ್ದವರು. ರಿಟೈರಾದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ, ಯಮುನೆ ದಾಟಿ, ನೋಯ್ಡಾದಲ್ಲಿ ಒಂದು ನೆಲಮಹಡಿಯ ಮನೆ ಕೊಂಡೆವು. ಕ್ವಾರ್ಟರ್ಸಿನಲ್ಲಿ ಬಾಗಿಲು ಹಾಕುತ್ತಿದ್ದದ್ದು ಮಲಗುವಾಗ ಮಾತ್ರ. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ನೋಯ್ಡಾದಲ್ಲಿ ಬಾಗಿಲ ಮುಂದೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ.

ಅಲ್ಲಿಗೆ ಹೋಗಿ ಸ್ವಲ್ಪ ಕಾಲಕ್ಕೆ ಹಿಂದಿನ ಗಲ್ಲಿಯಲ್ಲಿ ಒಂದು ಮುದಿ ದಂಪತಿಯನ್ನು ಹಾಡಹಗಲೇ ಕುರ್ಚಿಗೆ ಕಟ್ಟಿಹಾಕಿ ಮನೆ ದೋಚಿದರು. ಕೇಬಲ್ ರಿಪೇರಿಯವರು ಅಂತ ಹೇಳಿಕೊಂಡು ಬಂದಿದ್ದರಂತೆ. ಮುದುಕರ ಕೈ ಮುರಿದಿತ್ತು. ಅವರು ಬೆಳಿಗ್ಗೆ ನಮ್ಮ ಯಜಮಾನರ ಜೊತೆ ವಾಕಿಂಗ್ ಹೋಗುತ್ತಿದ್ದವರು. ಆಸ್ಪತ್ರೆಯಲ್ಲಿ ಅವರನ್ನು ನೋಡಿ ಬಂದ ದಿನ ಇವರು ಊಟಕ್ಕೆ ಏಳಲಿಲ್ಲ. ಮರುದಿನದಿಂದ ಲೈಸೆನ್ಸಿಗೆ ಓಡಾಡತೊಡಗಿದರು.

ವಿಚಾರಣೆಗೆ ಪೊಲೀಸಿನವನೊಬ್ಬ ಮನೆಗೆ ಬಂದ. ಚಹಾ ಕೊಟ್ಟೆ. "ಮಾತಾಜಿ, ನಿಮಗೆ ಯಾರಿಂದ ಅಪಾಯ?" ಎಂದು ಕೇಳಿದ.

"ಬರ್ತೀನಿ ಅಂತ ಇಲ್ಲೀತನಕ ಯಾರೂ ಹೇಳಿ ಕಳಿಸಿಲ್ಲಪ್ಪ" ಎಂದು ನನ್ನ ಹರಕು ಹಿಂದಿಯಲ್ಲಿ ಅಂದೆ. ಅವನು ನಕ್ಕು ಚಹಾ ಚೆಲ್ಲಿಕೊಂಡ. ಅವನು ಹೋದ ಮೇಲೆ ಯಜಮಾನರು, "ಸುಮ್ನೆ ಹೆದರಿಕೆ ಇದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಬೈದರು.

ಲೈಸೆನ್ಸು ಬರುವ ತನಕ ಮನೆಯಲ್ಲಿ ಅದೇ ಮಾತು. ಒಬ್ಬಳೇ ಮಗಳು, ದೆಹಲಿಯ ಹೌಜ್ ಖಾಸ್‌ನಲ್ಲಿ ಸಂಸಾರ, ಆಫೀಸಿನ ಕೆಲಸ. ಭಾನುವಾರ ಬಂದಳೆಂದರೆ ಅಪ್ಪನಿಗೂ ಅವಳಿಗೂ ಜಟಾಪಟಿ.

"ಅಪ್ಪ, ಗನ್ ಇಟ್ಕೊಂಡ ಮನೇಲೇ ಆಕ್ಸಿಡೆಂಟ್ ಆಗೋದು. ಥೋಡಾ ಸೋಚೋ ನಾ, ಯೋಚ್ನೆ ಮಾಡಿ."

"ಫೋನ್ ಮಾಡಿದ್ರೆ ಪೊಲೀಸ್ ಯಾವಾಗ ಬರ್ತಾನೆ? ಅಲ್ಲೀತನಕ ಕಳ್ಳನಿಗೆ ಏನು ಮಾಡ್ಲಿ, ಕಾಫಿ ಕೊಡ್ಲಾ?"

"ನೀವು ಜಿರಲೆ ಹೊಡೆಯೋಕೂ ಅಮ್ಮನ್ನ ಕರೀತೀರಿ!"

ಮಗಳು ಹೇಳಿದ್ದು ನಿಜ. ಆದರೆ ಅವರು ಹೇಳಿದ್ದೂ ಸುಳ್ಳಲ್ಲ. ಪಕ್ಕದ ಮನೆಯಾಕೆ ಮೀರತ್ ಕಡೆಯ ಹಳ್ಳಿಯವಳು, ಜಮೀನಿದ್ದವರ ಮನೆ ಹೆಣ್ಣು. ಅವಳ ಅತ್ತೆ ಒಮ್ಮೆ ತಾರಸಿ ಹತ್ತಿ ಗುಂಡು ಹಾರಿಸಿ ದರೋಡೆಕೋರರನ್ನು ಓಡಿಸಿದ್ದಳಂತೆ. ಅವಳು ಅದನ್ನು ಹೇಳುವಾಗ ಜಂಬ ಕೊಚ್ಚಿದ ಹಾಗಿರಲಿಲ್ಲ, ಎಮ್ಮೆ ಹಾಲು ಕರೆದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದಳು. ನಾನು ನಂಬಿದೆ. ಬಂದೂಕು ಯಾರಿಗೂ ಬೇಡ ಅಂತ ಹೇಳುವಷ್ಟು ಓದಿದವಳಲ್ಲ ನಾನು. ನಾನು ಕಲಿತದ್ದು ಮೂರನೇ ಕ್ಲಾಸು.

ಅಂತೂ ಬಂತು. ಕಪ್ಪಗೆ, ಕೈಗೆ ಭಾರವಾಗಿ, ಎಣ್ಣೆ ವಾಸನೆ. ಅದು ಅಲ್ಮೇರಾದಲ್ಲಿ ನನ್ನ ರೇಷ್ಮೆ ಸೀರೆಗಳ ಹಿಂದೆ. ಗುಂಡುಗಳು ಬೇರೆ ಇರಬೇಕಂತೆ, ಅವು ಅಟ್ಟದ ಮೇಲೆ ಹಿತ್ತಾಳೆ ಡಬ್ಬಿಯಲ್ಲಿ. ಬೀಗದ ಕೈ ಯಜಮಾನರ ಜನಿವಾರದಲ್ಲಿ.

"ಅಲ್ಲಾ ರೀ, ಕಳ್ಳ ಬಂದ. ನೀವು ಅಂಗಿ ಬಿಚ್ಚಿ ಜನಿವಾರ ಹುಡುಕಬೇಕು, ಸೀರೆ ಸರಿಸಬೇಕು, ಸ್ಟೂಲ್ ಹಾಕಿ ಅಟ್ಟ ಹತ್ತಬೇಕು. ಅಲ್ಲೀತನಕ ಅವನನ್ನ ಸೋಫಾದಲ್ಲಿ ಕೂರಿಸಿರ್ಲಾ?"

"ನಿಂಗೊತ್ತಾಗಲ್ಲ. ಇದು ರೂಲ್ಸು."

"ನೀವು ವಾಕಿಂಗ್ ಹೋದಾಗ ಬಂದ್ರೆ?"

"ಲೈಸೆನ್ಸ್ ನನ್ನ ಹೆಸರಲ್ಲಿದೆ. ನೀನು ಮುಟ್ಟೋ ಹಂಗಿಲ್ಲ."

ನಾನು ಬೇಳೆ ತೊಳೆಯಲು ಎದ್ದು ಹೋದೆ.

ಅಷ್ಟರಲ್ಲಿ ಮಗಳು ಬಸುರಿಯಾದಳು. ಚೊಚ್ಚಲು. ಹೆರಿಗೆ ಅವರ ಮನೆ ಹತ್ತಿರದ ಆಸ್ಪತ್ರೆಯಲ್ಲಿ, ಆಮೇಲೆ ಬಾಣಂತನಕ್ಕೆ ನಮ್ಮಲ್ಲಿಗೆ ಅಂತ ಮಾತಾಗಿತ್ತು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅವಳಿಗೆ ಅತ್ತೆಯೂ ಇಲ್ಲ. ಕರೋಲ್ ಬಾಗ್‌ಗೆ ಹೋಗಿ ಅಂಟು, ಒಣಕೊಬ್ಬರಿ, ಗಸಗಸೆ ತಂದಿಟ್ಟೆ. ಹಳೇ ವಾಯಿಲ್ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿದೆ. ಆಗ ಫೋನು ಬಂತು.

"ಅಮ್ಮ, ಗನ್ ಇರೋ ಮನೆಗೆ ನಾನು ಮಗು ಕರ್ಕೊಂಡು ಬರಲ್ಲ. ಪಕ್ಕಾ. ಇಲ್ಲೇ ಒಬ್ಬ ಮಾಲಿಶ್‌ವಾಲಿ ಇಟ್ಕೋತೀನಿ."

"ಬಾಣಂತಿಗೆ ಎಣ್ಣೆ ಒತ್ತೋಕೆ ಸಂಬಳದವಳಾ? ನಾನೇನು ಸತ್ತಿದ್ದೀನಾ?"

"ಅಪ್ಪನ್ನ ಕೇಳು" ಎಂದು ಇಟ್ಟಳು.

ಅಪ್ಪನನ್ನು ಕೇಳಿದೆ. "ಕೂಸು ಬಂದ್ಮೇಲೆ ಅದು ಇನ್ನೂ ಬೇಕಾಗತ್ತೆ ಕಣೇ" ಎಂದರು. ಇಬ್ಬರೂ ಒಂದೇ ಅಚ್ಚು. ನಾನು ಅಂಟಿನುಂಡೆ ಕಟ್ಟುವುದನ್ನು ನಿಲ್ಲಿಸಿದೆ.

ಆ ವರ್ಷದ ಆಯುಧಪೂಜೆ ಬಂತು. ಪ್ರತಿ ವರ್ಷದ ಹಾಗೆ ಮಣೆ ಮೇಲೆ ಈಳಿಗೆಮಣೆ, ಚಾಕು, ಕತ್ತರಿ, ಮಿಕ್ಸಿ ಜೋಡಿಸಿದೆ. ಹೊರಗೆ ಸ್ಕೂಟರಿಗೆ ಹೂವು. ಯಜಮಾನರು ಮಡಿ ಉಟ್ಟು ಬೆಳ್ಳಿ ತಟ್ಟೆಯಲ್ಲಿ ರಿವಾಲ್ವರ್ ತಂದು ನಟ್ಟನಡುವೆ ಇಟ್ಟರು. "ಆಯುಧ ಅಂದ್ರೆ ಇದು. ಇಷ್ಟು ವರ್ಷ ತರಕಾರಿ ಹೆಚ್ಚೋದಕ್ಕೆ ಪೂಜೆ ಮಾಡಿದ್ದಾಯ್ತು" ಎಂದರು. ಗುಂಡುಗಳನ್ನು ಬಟ್ಟಲಲ್ಲಿಟ್ಟು ಅಕ್ಷತೆ ಹಾಕಿದರು. ರಿವಾಲ್ವರಿಗೆ ಗಂಧ, ಅರಿಶಿನ, ಕುಂಕುಮ ಧಾರಾಳವಾಗಿ ಹಚ್ಚಿದರು. ನಾನೇ ಗಂಧ ತೇಯ್ದು ಕೊಟ್ಟದ್ದು, ಸ್ವಲ್ಪ ನೀರಾಗಿತ್ತು.

ಸಂಜೆ ಗಲ್ಲಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ನಮ್ಮ ರೂಢಿ. ಕ್ವಾರ್ಟರ್ಸಿನಲ್ಲಿ ಕರೆಯುತ್ತಿದ್ದೆವು, ಇಲ್ಲೂ ಕರೆದೆವು. ಮಣೆ ಮೇಲೆ ಏನಿದೆ ಅಂತ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಪೂಜೆಗೆ ಇಟ್ಟದ್ದನ್ನು ಮುಚ್ಚಿಡುವುದುಂಟೇ?

ಬಂದವರು ಯಾರೂ ಕಡಲೆ ಉಸಲಿ ಕಡೆ ನೋಡಲಿಲ್ಲ. ಮೀರತ್‌ನಾಕೆ ನೇರ ಹೋಗಿ ರಿವಾಲ್ವರನ್ನು ಲಟ್ಟಣಿಗೆ ಎತ್ತಿಕೊಂಡ ಹಾಗೆ ಎತ್ತಿಕೊಂಡಳು. ಗುಂಡು ತುಂಬುವ ಚಕ್ರ ತಿರುಗಿಸಲು ನೋಡಿದಳು. ಅದು ತಿರುಗಲಿಲ್ಲ. ಉಗುರು ಹಾಕಿ ಕೆರೆದಳು. ಗಂಧ ಒಳಗೆಲ್ಲ ಇಳಿದು ಒಣಗಿ ಗಾರೆ ಆಗಿತ್ತು.

"ಭಾಯ್ ಸಾಹಬ್," ಎಂದಳು, "ಕಳ್ಳ ಬಂದ್ರೆ ಅವನಿಗೂ ಟೀಕಾ ಹಚ್ಚಿ, ಪ್ರಸಾದ ಕೊಟ್ಟು ಕಳಿಸ್ತೀರಾ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಜಮಾನರು ಒಳಗೆ ಹೋದರು.

ಹೊರಡುವಾಗ ಆಕೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡಳು. ಈಗ ನಗು ಇರಲಿಲ್ಲ. "ಬೆಹನ್‌ಜಿ, ನಮ್ಮಲ್ಲಿ ಇದು ಎಲ್ಲಿದೆ ಅಂತ ಮನೆ ಸೊಸೆಗೂ ಬೇಗ ಹೇಳಲ್ಲ. ನೀವು ಗಲ್ಲಿಗೆಲ್ಲ ತೋರಿಸಿಬಿಟ್ರಿ. ಇನ್ನು ಬರೋರು ಬಂಗಾರ ಬಿಟ್ಟು ಇದಕ್ಕೇ ಬರ್ತಾರೆ."

ಯಜಮಾನರಿಗೆ ಒಳಗಿನಿಂದ ಕೇಳಿಸಿತ್ತು.

ಅವತ್ತಿನಿಂದ ಅವರು ಮನೆ ಬಿಡಲಿಲ್ಲ. ಹಾಲು, ತರಕಾರಿ ಎಲ್ಲ ನನ್ನ ತಲೆಗೆ ಬಂತು. ಗ್ಯಾಸಿನವನು, ಇಸ್ತ್ರಿಯವನು, ಮೀಟರು ನೋಡುವವನು ಎಲ್ಲರ ಮೇಲೂ ಅನುಮಾನ. ಅಲ್ಮೇರಾ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂತಿರುವರು. ಹಿಂದಿನ ಗಲ್ಲಿಯ ಮುದುಕರ ಕೈ ಅಷ್ಟರಲ್ಲಿ ವಾಸಿಯಾಗಿತ್ತು. ಅವರು ಜಾಲರಿ ಬಡಿದು, "ಚಲೋ ಭಾಯ್, ಒಂದು ಸುತ್ತು ಹೋಗಿ ಬರೋಣ" ಎಂದು ಕರೆದರೆ ಇವರು ಕೂತಲ್ಲಿಂದಲೇ, "ಮಂಡಿ ನೋವು" ಎನ್ನುವರು. ಮಂಡಿ ನೋವು ನನಗೆ, ಅವರಿಗಲ್ಲ.

ಹೆರಿಗೆ ಹತ್ತಿರ ಬಂತು. ನಾನು ಚೀಲಕ್ಕೆ ಬಟ್ಟೆ ತುಂಬತೊಡಗಿದೆ.

"ಎಲ್ಲಿಗೆ?"

"ಹೌಜ್ ಖಾಸ್‌ಗೆ. ಅವಳು ಬರಲ್ಲ ಅಂದ್ಮೇಲೆ ನಾನೇ ಹೋಗ್ತೀನಿ. ಬಾಣಂತನ ಮುಗಿಸ್ಕೊಂಡೇ ಬರೋದು."

"ನಾನು?"

"ನೀವೂ ಬನ್ನಿ."

"ಇದನ್ನ ಬಿಟ್ಟು ಹೆಂಗೆ ಬರ್ಲಿ? ತಗೊಂಡು ಬರೋಕೂ ಆಗಲ್ಲ. ಲೈಸೆನ್ಸು ಯುಪಿದು, ಯಮುನೆ ದಾಟಿದ್ರೆ ನಾನೇ ಜೈಲಿಗೆ."

"ಹಾಗಾದ್ರೆ ಇಲ್ಲೇ ಇರಿ. ಅನ್ನಕ್ಕೆ ಇಡೋದು ಗೊತ್ತಲ್ಲ, ಒಂದಕ್ಕೆ ಎರಡು ನೀರು. ನನ್ನ ಕಾಯೋಕೆ ಅಂತ ತಂದ್ರಿ, ಈಗ ಅದನ್ನ ಕಾಯ್ಕೊಂಡು ಕೂತಿರಿ."

ನಾನು ಸೀರೆ ಮಡಿಸುತ್ತಲೇ ಇದ್ದೆ.

"ನಂಗೆ ಹೆದರಿಕೆ ಕಣೇ" ಎಂದರು. ಮದುವೆಯಾದ ಮೇಲೆ ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ನಂಗಿಲ್ವಾ? ಅದಕ್ಕೇ ಜಾಲರಿ ತೆಗೆಯೋ ಮುಂಚೆ ಯಾರು ಅಂತ ಕೇಳ್ತೀನಿ. ಗೊತ್ತಿಲ್ಲದೋನಾದ್ರೆ ಯಜಮಾನರಿದ್ದಾಗ ಬಾ ಅಂತೀನಿ. ಅದಕ್ಕಿಂತ ಜಾಸ್ತಿ ನಮ್ಮ ಕೈಲಿ ಏನಾಗತ್ತೆ? ಪಕ್ಕದ ಮನೆಯವಳ ಅತ್ತೆ ತಾರಸಿ ಹತ್ತಿ ಹೊಡೆದ್ಲು, ಅವಳಿಗೆ ಕೈ ಪಳಗಿತ್ತು. ನೀವು ಕೈ ಮುಗಿಯೋರು."

ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ.

ಮರುದಿನ ಮೀರತ್‌ನಾಕೆಯ ಗಂಡನನ್ನು ಜೊತೆಗೆ ಕರೆದುಕೊಂಡು, ಕೊಂಡ ಅಂಗಡಿಗೇ ಅದನ್ನು ಒಯ್ದು ಒಪ್ಪಿಸಿ ಬಂದರು. ಬಾಡಿಗೆ ತೆಗೆದುಕೊಂಡು ಇಟ್ಟುಕೊಳ್ಳುತ್ತಾರಂತೆ. ಮಾರಿಬಿಡಿ ಅಂತ ನಾನು ಹೇಳಲಿಲ್ಲ. ಲೈಸೆನ್ಸು ಇದೆ ಅನ್ನುವುದೊಂದು ಅವರಿಗೆ ಇರಲಿ. ಬರುವಾಗ ಅಂಟಿನುಂಡೆಗೆ ಬೆಲ್ಲ ತಂದಿದ್ದರು.

ಫೋನಿನಲ್ಲಿ ವಿಷಯ ತಿಳಿಸಿದ್ದೆ. ಮಗಳು ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೇ ಬಂದಳು. ಗಂಡು ಕೂಸು. ಚಳಿಗಾಲ, ಎದುರಿನ ಮನೆ ಕಾಣದಷ್ಟು ಮಂಜು. ನಾನು ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದೆ. ಅವಳು ಕೂಸನ್ನು ಎದೆಗವಚಿಕೊಂಡು ಜಾಲರಿಯ ಆಚೆಯೇ ನಿಂತಳು. ನನ್ನನ್ನಲ್ಲ, ಅಪ್ಪನನ್ನು ನೋಡಿದಳು.

"ಅಪ್ಪ, ಸಚ್ಚಿ? ಇಲ್ವಲ್ಲ?"

"ಇಲ್ಲಮ್ಮ."

"ಕಸಂ?"

ಇವರು ಆಣೆಗೆಂದು ಕೂಸಿನ ತಲೆಯತ್ತ ಕೈ ಚಾಚಿದರು. ನನಗೆ ಮೈ ಉರಿಯಿತು.

"ಕೂಸಿನ ತಲೆ ಮುಟ್ಟಿ ಆಣೆ ಇಡ್ತಾರೇನ್ರೀ? ಇಬ್ಬರಿಗೂ ಬುದ್ಧಿ ಇಲ್ಲ. ದೀಪ ಆರ್ತಾ ಇದೆ, ಥಂಡಿ ಹೊಡೀತಾ ಇದೆ. ಬಲಗಾಲಿಟ್ಟು ಒಳಗೆ ಬಾ" ಎಂದೆ.

ಬಂದಳು.