ಹಬೆಗೆ ಬಣ್ಣ ಬಿಟ್ಟ ಇಟ್ಟಿಗೆಗಳು

ಪುಟ್ಟ ಮಕ್ಕಳು ಒಂದರ ಮೇಲೊಂದು ಜೋಡಿಸಿ ಆಡುವ ದಪ್ಪ ಪ್ಲಾಸ್ಟಿಕ್ ಇಟ್ಟಿಗೆಗಳ ಚೀಲಕ್ಕೆ ಒಳ್ಳೆಯ ಅಂಗಡಿಯಲ್ಲಿ ಇಪ್ಪತ್ತೈದು ಡಾಲರ್. ಅದೇ ಅಳತೆಯ, ಕಂಪನಿಯ ಹೆಸರಿಲ್ಲದ ಮಾಲು ಲಾಸ್ ಏಂಜಲೀಸ್‌ನ ಒಂದು ಸಗಟು ಮಳಿಗೆಯಲ್ಲಿ ಆರಕ್ಕೇ ಸಿಗುತ್ತದೆ. ಅಷ್ಟು ಉಳಿದರೆ ಯಾರಿಗಾದರೂ ಖುಷಿಯೇ. ಊರವರ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವ ರಯೀಸಾ ಅವರಿಗೂ ಆಗಿತ್ತು.

ಬೆಳಗಿನ ಐದೂವರೆ. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ನಮಾಜು ಮುಗಿಸಿದ ರಯೀಸಾ ಒಲೆಯ ಮೇಲೆ ಇಡ್ಲಿ ಪಾತ್ರೆ ಇಟ್ಟಿದ್ದಾರೆ. ಒಳಗಿರುವುದು ಇಡ್ಲಿಯಲ್ಲ, ನಿನ್ನೆಯಿಡೀ ಮಕ್ಕಳು ಕಚ್ಚಿ, ನೆಕ್ಕಿ, ಎಸೆದಾಡಿದ ಇಟ್ಟಿಗೆಗಳು. ಹಬೆ ತಾಗಿಸಿ ತೆಗೆದು, ಒಂದೊಂದನ್ನೂ ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ.

“ಬ್ಲೀಚ್ ಹಾಕಿದ್ರೆ ಮಕ್ಕಳು ಕೆಮ್ತಾವೆ. ನಮ್ಮಮ್ಮ ಹಾಲಿನ ಬಾಟ್ಲಿನ ಹಿಂಗೇ ಬೇಯಿಸ್ತಿದ್ರು. ಜಾಸ್ತಿ ಹೊತ್ತು ಬಿಟ್ರೆ ಮಾತ್ರ ಇಟ್ಟಿಗೆ ಸೊಟ್ಟಗಾಗಿ ಒಂದರ ಮೇಲೊಂದು ಕೂರಲ್ಲ” ಎನ್ನುತ್ತಾರೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದ ಇವರು ಮನೆಯಲ್ಲೇ ಡೇಕೇರ್ ನಡೆಸಲು ಲೈಸೆನ್ಸ್ ಪಡೆದದ್ದು 2002ರಲ್ಲಿ. ಪತಿ ನಸೀರ್, ಅದೇ ಊರಿನ ಕರ್ನಿ ಮೆಸಾ ಪ್ರದೇಶದ ಆಫೀಸುಗಳಲ್ಲಿ ಜೆರಾಕ್ಸ್ ಯಂತ್ರ ರಿಪೇರಿ ಮಾಡುತ್ತಾರೆ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಮನೆತುಂಬ ಮಕ್ಕಳು. ಇನ್ನೊಂದು ಇಟ್ಟಿಗೆ ಇಡು ಕಂದಾ ಎಂದರೆ, “ನೋ ಆಂಟಿ, ಇಟ್ ವಿಲ್ ಫಾಲ್” ಎಂಬ ಉತ್ತರ. ಇಡೀ ದಿನ ಬಗ್ಗಿ ಎದ್ದು ಅವರ ಸೊಂಟ ಹಿಡಿದುಕೊಂಡಿದೆ. ಭಾನುವಾರ ಮಾತ್ರ ನಮಾಜು ಮುಗಿಸಿ ಮತ್ತೆ ಹಾಸಿಗೆ ಸೇರುತ್ತಾರಂತೆ.

ಕಳೆದ ವರ್ಷ ಬೇಸಿಗೆಯಲ್ಲಿ ನಸೀರ್ ಆ ಅಗ್ಗದ ಚೀಲ ತಂದರು. ಮೂರು ತಿಂಗಳು ಮಕ್ಕಳು ಅದರಲ್ಲೇ ಮುಳುಗಿದ್ದರು. ಒಂದು ಬೆಳಿಗ್ಗೆ ಇಟ್ಟಿಗೆ ಹಬೆಗಿಟ್ಟ ಹೊತ್ತಿಗೇ ಮೈಸೂರಿನಿಂದ ಅಕ್ಕನ ಫೋನ್ ಬಂತು. ಎಂದಿನಂತೆ ಹಬೆ ತಾಗಿಸಿ ಬೇಗ ತೆಗೆಯುವುದನ್ನು ಮರೆತು, ಇಡ್ಲಿ ಬೇಯುವಷ್ಟು ಹೊತ್ತು ಬಿಡುವ ಹಳೆಯ ರೂಢಿಯಲ್ಲಿ ರಯೀಸಾ ಮಾತಿಗೆ ಕೂತರು. ಬಂದು ಮುಚ್ಚಳ ತೆಗೆದರೆ ತಳದ ನೀರು ಬೀಟ್‌ರೂಟ್ ಬೇಯಿಸಿದಂತೆ ಕೆಂಪಾಗಿತ್ತು. ಒಲೆಗೆ ಇಡದ ಇನ್ನೊಂದು ಇಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರು. ಬಟ್ಟೆಯೂ ಕೆಂಪಾಯಿತು. ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿದ ಸುದ್ದಿ ಆಗ ಟೀವಿಯಲ್ಲಿ ದಿನವೂ ಬರುತ್ತಿತ್ತು.

“ಎಲ್ಲಾನೂ ಚೀಲಕ್ಕೆ ತುಂಬ್ತಾ ಅದೇ ಯೋಚನೆ. ನೆಕ್ಕಿ ನೆಕ್ಕಿ ಎಷ್ಟು ಒಳಗೆ ಹೋಗಿರುತ್ತೋ ಅಂತ.”

ಸದ್ದಿಲ್ಲದೆ ಕಸಕ್ಕೆ ಹಾಕಿಬಿಡೋಣ, ಹೊರಗೆ ಗೊತ್ತಾದರೆ ಡೇಕೇರ್ ಮುಚ್ಚಬೇಕಾಗುತ್ತದೆ ಎಂದರು ನಸೀರ್. ತಂದವರು ತಾವೇ ಎಂಬ ಅಳುಕು ಬೇರೆ. ರಯೀಸಾ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ನಿಂತು, ಬಂದ ತಂದೆತಾಯಿಗಳಿಗೆಲ್ಲ ಆ ಬಟ್ಟೆ ತೋರಿಸಿದರು. ಹದಿನೈದು ತಿಂಗಳ ಪ್ರೇರಣಾಳನ್ನು ಎತ್ತಿಕೊಂಡು ಬಂದಿದ್ದ ತಾಯಿ ನೀರಜಾ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಕೇಳಿದರಂತೆ:

“ಆಂಟಿ, ಇವಳು ಮೂರು ತಿಂಗಳಿಂದ ಇದನ್ನೇ ಬಾಯಿಗೆ ಹಾಕ್ಕೊತಿದ್ಲಾ?”

“ಹೌದಮ್ಮ.”

ಅಮ್ಮನ ಸೊಂಟದ ಮೇಲಿಂದ ಮಗು ಅದೇ ಚೀಲಕ್ಕೆ ಕೈ ಚಾಚುತ್ತಿತ್ತು.

ಆ ವಾರವೇ, ಆಗ ಡೇಕೇರ್‌ಗೆ ಬರುತ್ತಿದ್ದ ಆರೂ ಮಕ್ಕಳ ರಕ್ತಪರೀಕ್ಷೆ ಆಯಿತು. ಐವರದು ಸರಿಯಿತ್ತು. ಪ್ರೇರಣಾಳ ರಕ್ತದಲ್ಲಿ ಸೀಸ ಹೆಚ್ಚಿತ್ತು. ಮಗು ನಗುತ್ತಿತ್ತು, ಓಡುತ್ತಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಹೆದರಿಸಿದ್ದೇ ಅದು. ಇನ್ನೂ ಕೆಲವು ತಿಂಗಳು ಹೀಗೇ ಹೋಗಿದ್ದರೆ ಬುದ್ಧಿ ಬೆಳೆಯುವುದಕ್ಕೇ ಪೆಟ್ಟು ಬೀಳಬಹುದಿತ್ತು ಎಂದ ವೈದ್ಯರು, ಕಬ್ಬಿಣದ ಅಂಶವಿರುವ ಊಟ ಕೊಡಿ, ಮತ್ತೆ ಪರೀಕ್ಷೆ ಮಾಡೋಣ ಎಂದು ಕಳಿಸಿದರು.

ನೀರಜಾ ಮಗಳನ್ನು ಡೇಕೇರ್‌ನಿಂದ ಬಿಡಿಸಿದರು. ಇನ್ನೆರಡು ಮನೆಯವರೂ ತಮ್ಮ ಮಕ್ಕಳನ್ನು ಬಿಡಿಸಿದರು. ಕೇಳಿದರೆ ನೀರಜಾ ಮುಚ್ಚಿಡುವುದಿಲ್ಲ: “ಸಿಟ್ಟು ಇನ್ನೂ ಇದೆ. ಅಗ್ಗ ಅಂತ ತಂದಿದ್ದು ತಪ್ಪೇ. ಆದ್ರೆ ಅವರು ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಟೆಸ್ಟ್ ಮಾಡಿಸ್ತಾನೇ ಇರ್ಲಿಲ್ಲ.”

ರಯೀಸಾ ಈಗ ಹೆಸರಿಲ್ಲದ ಮಾಲನ್ನು ಮನೆಯೊಳಗೆ ಸೇರಿಸುವುದಿಲ್ಲ. ಉಳಿದ ಮೂರು ಮಕ್ಕಳಿಗಾಗಿ ದಿನವೂ ಅದೇ ಹೊತ್ತಿಗೆ ಏಳುತ್ತಾರೆ. ಇಟ್ಟಿಗೆಯನ್ನು ಬಿಳಿ ಬಟ್ಟೆಯಿಂದ ಉಜ್ಜಿ ನೋಡುವ ರೂಢಿ ಆ ಕೆಂಪು ನೀರು ಕಂಡ ದಿನದಿಂದ ಬಂದದ್ದು. ಪ್ರೇರಣಾಳನ್ನು ಒಮ್ಮೆ ನೋಡಬೇಕೆಂಬ ಆಸೆ ಇದೆ. “ಕರೆಯೋಕೆ ನನಗೆ ಯಾವ ಮುಖ ಇದೆ? ಅವರಾಗೇ ಬಂದ್ರೆ ನೋಡ್ತೀನಿ, ಅಷ್ಟೇ.”

ಹೋದ ಮೂರು ಮಕ್ಕಳಲ್ಲಿ ಒಂದೂ ಮರಳಿ ಬಂದಿಲ್ಲ. ಈ ವಸಂತದಲ್ಲಿ ಮಾಡಿದ ಪರೀಕ್ಷೆಯಲ್ಲಿ ಪ್ರೇರಣಾಳ ರಕ್ತದ ಸೀಸ ಇಳಿದಿದೆ.