ಆನೆಯನ್ನು ಎತ್ತಿದವಳು

ಲಾರಿ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಆನೆ ಎನ್ನುತ್ತಿದ್ದರು. ತೊಂಬತ್ತೆರಡು ಕೆಜಿ ತೂಗುವ ಡ್ರೈವರ್. ಹೆಂಡತಿ ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಹೊಲಿಯುವವಳು. ಅವಳನ್ನು ಅವನು ಕರೆಯುತ್ತಿದ್ದದ್ದು ಕಡ್ಡಿ ಎಂದು. ಇಪ್ಪತ್ತು ವರ್ಷ ಅದನ್ನು ಮುದ್ದಿನ ಹೆಸರೆಂದೇ ಅವಳು ತಿಳಿದಿದ್ದಳು.

ಪಾರ್ಶ್ವವಾಯು ಬಡಿದು ಅವನ ಎಡಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಂದ ವಾರದಲ್ಲೇ, ಅವನನ್ನು ಮಂಚದಿಂದ ಕುರ್ಚಿಗೆ ಕೂರಿಸಲು ಹೋಗಿ ಇಬ್ಬರೂ ಬಿದ್ದರು. ಅವಳ ಒಂದು ತೋಳು ಅವನ ಕೆಳಗೆ ಸಿಕ್ಕಿಕೊಂಡಿತ್ತು. ಪಕ್ಕದ ಮನೆಯವರು ಕೆಲಸದಿಂದ ಬರುವವರೆಗೆ ಎರಡು ಗಂಟೆ ಹಾಗೇ ಇದ್ದರು.

"ಕಡ್ಡಿ ಕಟ್ಕೊಂಡು ಸಂಸಾರ ಮಾಡಿದ್ರೆ ಇನ್ನೇನಾಗುತ್ತೆ," ಅಂದ ಅವನು, ನೆಲದ ಮೇಲಿಂದಲೇ. ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಅವನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಹೇಳಿದಳು: "ಅಮ್ಮಾ, ಇವರಿಗಿಂತ ಮೊದಲು ನಿಮಗೆ ವ್ಯಾಯಾಮ ಬೇಕು. ಕಾಲು, ಬೆನ್ನು ಗಟ್ಟಿ ಮಾಡ್ಕೊಳ್ಳಿ."

ಅವಳು ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿ, ವಿಡಿಯೋ ನೋಡುತ್ತಾ ಬಸ್ಕಿ ಹೊಡೆಯತೊಡಗಿದಳು. ವಿಡಿಯೋದ ಹುಡುಗಿ ಹತ್ತಕ್ಕೊಮ್ಮೆ "ನಗ್ತಾ ಮಾಡಿ!" ಅನ್ನುತ್ತಿದ್ದಳು. ಮಂಚದಿಂದ ಗಂಡ, "ಯಾವ ಮೇಷ್ಟ್ರು ಕೊಟ್ಟ ಶಿಕ್ಷೆನೇ ಅದು?" ಎಂದು ಕೇಳುತ್ತಿದ್ದ.

ಎರಡು ತಿಂಗಳಲ್ಲಿ ಏದುಸಿರು ನಿಂತಿತು. ಆದರೆ ಬರೀ ಬಸ್ಕಿಯಿಂದ ಆನೆ ಏಳುವುದಿಲ್ಲ. ಅಂಗಡಿಯ ಊಟದ ಬಿಡುವಿನಲ್ಲಿ ಹತ್ತಿರದ ಜಿಮ್ಮಿಗೆ ಹೋದಳು.

"ತೂಕ ಇಳಿಸ್ಬೇಕಾ ಮೇಡಂ?" ಟ್ರೇನರ್ ಕೇಳಿದ.

"ಎತ್ತಬೇಕು. ತೊಂಬತ್ತೆರಡು ಕೆಜಿ."

ಅವನು ನಕ್ಕ. ಅದು ಗಂಡನ ತೂಕ ಎಂದು ತಿಳಿದಾಗ ನಗು ನಿಂತಿತು. ವಾರಕ್ಕೆ ಮೂರು ದಿನ ಜಿಮ್ಮಿನಲ್ಲಿ ಭಾರ, ಉಳಿದ ದಿನ ಮನೆಯಲ್ಲಿ ವಿಡಿಯೋ ನೋಡಿ ಹಗುರ ವ್ಯಾಯಾಮ ಎಂದು ಗೊತ್ತುಮಾಡಿಕೊಟ್ಟ. "ದಿನಾ ಭಾರ ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಬೆನ್ನಲ್ಲಿ ಎತ್ಬೇಡಿ, ಕಾಲಲ್ಲಿ ಎತ್ತಿ."

ಬರೀ ಕಬ್ಬಿಣದ ಸರಳಿನಿಂದ ಶುರುಮಾಡಿದವಳು ಒಂಬತ್ತನೇ ತಿಂಗಳಿಗೆ ಎಪ್ಪತ್ತು ಕೆಜಿ ಮುಟ್ಟಿದಳು. ಅಂಗೈ ಜಡ್ಡುಗಟ್ಟಿ, ಹೊಲಿಯುವಾಗ ನಯವಾದ ಬಟ್ಟೆಯ ಎಳೆಗಳು ಸಿಕ್ಕಿಕೊಳ್ಳುತ್ತಿದ್ದವು. ಇಡೀ ಭಾರ ಹೊರಬೇಕಿಲ್ಲ, ಅವನ ಬಲಗಾಲೂ ಒಂದಿಷ್ಟು ಊರುತ್ತದೆ, ಇಷ್ಟು ಸಾಕು ಎಂದ ಟ್ರೇನರ್.

ಅಲ್ಲಿಯವರೆಗೆ ಅವನಿಗೆ ಮಂಚದಲ್ಲೇ ಮಗ್ಗುಲು ಬದಲಿಸುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಗಂಡನನ್ನು ತಬ್ಬಿ ಹಿಡಿದು, ಅವನ ಮೊಣಕಾಲಿಗೆ ತನ್ನ ಮೊಣಕಾಲು ಆನಿಸಿ, ಮೂರು ಎಣಿಸಿ ಎತ್ತಿದಳು. ಆನೆ ಎದ್ದಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿತು.

"ನೋಡಿದ್ರೇನ್ರೀ!" ಅವಳಿಗೆ ನಗು ತಡೆಯಲಾಗಲಿಲ್ಲ.

"ಮಲಗಿಸು."

"ಈಗ ತಾನೇ ಕೂತ್ರಲ್ಲ, ರಸ್ತೆನಾದ್ರೂ ನೋಡಿ."

"ಮಲಗಿಸು ಅಂದೆ."

ಸಂಜೆ ಅವನು ತಮ್ಮನಿಗೆ ಫೋನು ಮಾಡಿದ್ದು ಅವಳಿಗೆ ಅಡುಗೆಮನೆಗೇ ಕೇಳಿಸಿತು. "ಬಂದು ಕರ್ಕೊಂಡು ಹೋಗೋ. ಹೆಂಡ್ತಿ ಕೈಲಿ ಮೂಟೆ ಥರ ಎತ್ತಿಸ್ಕೊಂಡು ಬದುಕೋಕಾಗಲ್ಲ."

ಅವಳು ಬಾಗಿಲಲ್ಲಿ ನಿಂತಳು. "ಬೀಳಿಸಿದಾಗ ಬೈದ್ರಿ. ಎತ್ತಿದ್ರೂ ತಪ್ಪಾ?"

ಅವನು ಫೋನನ್ನು ದಿಂಬಿನ ಕೆಳಗೆ ತಳ್ಳಿದ. ಮೈದುನ ಇಬ್ಬರು ಗೆಳೆಯರೊಂದಿಗೆ ಬಂದು ಅವನನ್ನು ಹೊತ್ತೊಯ್ದ. ಅವಳು ಎರಡು ಸಲ ನೋಡಲು ಹೋದಳು. ಎರಡು ಸಲವೂ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮೂರನೇ ಸಲ ಹೋಗಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮೈದುನನ ಫೋನು ಬಂತು. "ಅತ್ತಿಗೆ, ಅಣ್ಣಂಗೆ ಮಲಗಿ ಮಲಗಿ ಸೊಂಟದ ಹತ್ರ ಹುಣ್ಣಾಗಿದೆ. ನಮ್ಮ ಕೈಲಿ ಇನ್ನು ಆಗಲ್ಲ."

"ದಿನಾ ಎಬ್ಬಿಸಿ ಕೂರಿಸ್ತಿರಲಿಲ್ವಾ?"

"ಅಣ್ಣನೇ ಬೇಡ ಅಂತಿದ್ದ. ಊಟಾನೂ ಸರಿಯಾಗಿ ಮಾಡ್ತಿಲ್ಲ," ಅಂದ.

ಅವಳು ಹೋದಳು. ಹೊದಿಕೆ ಸರಿಸಿ, ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಅವನು ಅರವತ್ತು ಕೆಜಿಯೂ ಇರಲಿಲ್ಲ. ಅಷ್ಟು ಸಲೀಸಾಗಿ ಬಂದುಬಿಟ್ಟದ್ದಕ್ಕೆ ಅವಳೇ ಹಿಂದಕ್ಕೆ ವಾಲಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

ಮನೆಗೆ ಕರೆತಂದ ಮೇಲೆ ಹುಣ್ಣು ಮಾಯಲು ಆರು ತಿಂಗಳು ಹಿಡಿಯಿತು. ದಿನಕ್ಕೆ ನಾಲ್ಕು ಸಲ ಅವನನ್ನು ಕುರ್ಚಿಗೆ ಕೂರಿಸುತ್ತಾಳೆ. ಈಗಲೂ ಅವನು ಕಣ್ಣು ಮುಚ್ಚುತ್ತಾನೆ. ಅವಳೂ ಅವನ ಮುಖ ನೋಡುವುದನ್ನು ಬಿಟ್ಟಿದ್ದಾಳೆ.