ಒಂದರ ಜಾಗದಲ್ಲಿ ಎರಡು ರಬ್ಬರು

ನಮ್ಮ ಚಿಕ್ಕಮ್ಮ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಕಿಟಕಿಯಿಲ್ಲದ ಕೋಣೆ, ಗಿರಗಿರ ತಿರುಗುವ ಕಲ್ಲು, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಬಿಳಿ ಪುಡಿ ಕೂತಿರುತ್ತದೆ. ಕೆಮ್ಮು ಹಿಡಿದು ವರ್ಷಗಳಾದವು. ಮುಂದಿನ ಕೌಂಟರಿಗೆ ಹೋಗಿಬಿಡಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು. ಗಿರಾಕಿಯ ಮುಖ ನೋಡಿದೊಡನೆ ಯಾವ ಫ್ರೇಮು ಒಪ್ಪುತ್ತದೆಂದು ಹೇಳಬಲ್ಲಳು. ಅಡ್ಡ ಬಂದದ್ದು ಹಲ್ಲು. ಮೇಲಿನ ಹಲ್ಲುಗಳು ತುಟಿ ದಾಟಿ ಮುಂದೆ ಚಾಚಿದ್ದವು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಉಬ್ಬಲ್ಲಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

“ನೋಡಮ್ಮ, ಜನ ಇಲ್ಲಿಗೆ ಚೆಂದ ಕಾಣೋಕೆ ಬರ್ತಾರೆ,” ಎಂದಿದ್ದರು ಅಂಗಡಿಯ ಯಜಮಾನರು. “ನಿನ್ನ ಹಲ್ಲು ಒಳಗೆ ಹೋಗ್ಲಿ, ಆಮೇಲೆ ನೀನು ಹೊರಗೆ ಬಾ.”

ನಲವತ್ತರ ಹತ್ತಿರ ಬಂದಿದ್ದ ಚಿಕ್ಕಮ್ಮ ಶಾಲೆಯ ಮಕ್ಕಳ ಪಕ್ಕ ಕೂತು ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದಳು. ಕೆಲವು ತಿಂಗಳಾದ ಮೇಲೆ ಹಲ್ಲಿನ ಡಾಕ್ಟರಮ್ಮ ಸಣ್ಣ ರಬ್ಬರ್ ಉಂಗುರಗಳ ಪೊಟ್ಟಣ ಕೊಟ್ಟರು. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ, ಎರಡೂ ಕಡೆ ಒಂದೊಂದು ಸಿಕ್ಕಿಸಬೇಕು. ಊಟಕ್ಕೆ ಮಾತ್ರ ತೆಗೆಯಬೇಕು. ಎಳೆದೆಳೆದು ರಬ್ಬರು ಸೋಲುವುದರಿಂದ ದಿನವೂ ಹೊಸದು ಹಾಕಬೇಕು.

“ಮೆಲ್ಲಗೆ, ಬಿಡದೆ ಎಳೀತಿದ್ರೆ ಹಲ್ಲು ಹೋಗೋ ಕಡೆ ಎಲುಬು ಕರಗಿ ದಾರಿ ಬಿಡುತ್ತೆ, ಬಿಟ್ಟು ಬಂದ ಕಡೆ ಹೊಸ ಎಲುಬು ತುಂಬ್ಕೊಳ್ಳುತ್ತೆ,” ಎಂದರು ಡಾಕ್ಟರಮ್ಮ. “ಎಲುಬಿಗೆ ಅವಸರ ಆಗಲ್ಲ.”

ಹಲ್ಲು ಒಳಸರಿಯತೊಡಗಿತು. ಯಜಮಾನರ ಕಣ್ಣಿಗೂ ಬಿತ್ತು. ಕೌಂಟರಿನ ಹುಡುಗಿ ಕೆಲಸ ಬಿಟ್ಟಾಗ, “ಸದ್ಯಕ್ಕೆ ನೀನೇ ನಿಲ್ಲು, ನೋಡೋಣ,” ಎಂದರು. ಆದರೆ ಮೊದಲ ವಾರವೇ ಚಿಕ್ಕಮ್ಮ ಬಾಯ್ತುಂಬ ಮಾತಾಡುತ್ತಿದ್ದಾಗ ರಬ್ಬರು ಪಟ್ಟನೆ ಕಿತ್ತು ಹಾರಿ, ಗಿರಾಕಿ ಮುಖ ನೋಡಿಕೊಳ್ಳುತ್ತಿದ್ದ ಕನ್ನಡಿಗೆ ಅಂಟಿಕೊಂಡಿತು.

“ಇದು ಫ್ರೇಮಿನ ಜೊತೆ ಪುಕ್ಕಟೆನಾ?” ಎಂದ ಗಿರಾಕಿ.

ಅಂಗಡಿಯೆಲ್ಲ ನಕ್ಕಿತು. ಚಿಕ್ಕಮ್ಮನೂ ನಕ್ಕಳು. ಯಜಮಾನರು ನಗಲಿಲ್ಲ. “ಕೌಂಟರಲ್ಲಿರೋವಾಗ ಅದನ್ನ ಹಾಕ್ಕೋಬೇಡ,” ಎಂದರು.

ಹಗಲೆಲ್ಲ ತೆಗೆದಿಟ್ಟಳು. ತಪ್ಪಿದ್ದನ್ನು ತುಂಬಿಕೊಳ್ಳಲು ಮನೆಗೆ ಬಂದೊಡನೆ ಒಂದರ ಜಾಗದಲ್ಲಿ ಎರಡು, ಒಮ್ಮೊಮ್ಮೆ ಮೂರು ರಬ್ಬರು ಸಿಕ್ಕಿಸತೊಡಗಿದಳು. ಅವಳ ಕೆಲಸ ಅವಳಿಗೆ ಕಲಿಸಿದ್ದೇ ಅದು: ಹೊತ್ತು ಸಾಲದಿದ್ದರೆ ಗಾಜನ್ನು ಕಲ್ಲಿಗೆ ಒತ್ತಿ ಹಿಡಿ, ಬೇಗ ಸವೆಯುತ್ತದೆ. ನೋವಿಗೆ ಅಗಿಯಲಾಗದೆ ಎಲ್ಲವನ್ನೂ ಕಿವುಚಿಕೊಂಡು ನುಂಗುತ್ತಿದ್ದಳು. “ನೋವಿದೆ ಅಂದ್ರೆ ಹಲ್ಲು ನಡೀತಿದೆ ಅಂತ ಲೆಕ್ಕ ಅಕ್ಕ,” ಎಂದು ನನ್ನ ಅಮ್ಮನಿಗೆ ಹೇಳುತ್ತಿದ್ದಳು. ರಜೆ ಕೇಳಿದರೆ ಕೌಂಟರು ಕೈತಪ್ಪೀತೆಂದು ಡಾಕ್ಟರ ಬಳಿ ಹೋಗುವುದನ್ನೂ ಮುಂದೂಡಿದಳು.

ಮುಂದಿನ ಹಲ್ಲುಗಳು ಅಲುಗಾಡತೊಡಗಿದ ಮೇಲೆ ನನ್ನನ್ನು ಕರೆದುಕೊಂಡು ಹೋದಳು. ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ತುಂಬ ಹೊತ್ತು ನೋಡಿದರು.

“ದವಡೆಹಲ್ಲು ಗೂಟ ಇದ್ದ ಹಾಗೆ. ಅದರ ಆಸರೇಲಿ ಮುಂದಿನ ಹಲ್ಲನ್ನ ಎಳೀಬೇಕಿತ್ತು. ನೀವು ಜಗ್ಗಿದ ಜೋರಿಗೆ ಗೂಟಾನೇ ಮುಂದೆ ಬಂದಿದೆ. ಮುಂದಿನ ಹಲ್ಲುಗಳ ಬೇರೂ ಸವೆದಿದೆ. ಇನ್ನೂ ಎಳೆದ್ರೆ ಹಲ್ಲೇ ಉಳಿಯಲ್ಲ. ತಂತಿ ತೆಗೀತೀನಿ.”

“ಹಾಗಾದ್ರೆ ಇಷ್ಟೇನಾ?”

“ಇಷ್ಟೇ.”

ಹಲ್ಲು ಅತ್ತ ಒಳಗೂ ಅಲ್ಲ, ಇತ್ತ ಹೊರಗೂ ಅಲ್ಲ ಎನ್ನುವಂತೆ ನಿಂತುಹೋಯಿತು. ತುಟಿಗೆ ತುಟಿ ಈಗಲೂ ಕೂಡುವುದಿಲ್ಲ. ಯಜಮಾನರು ವಿಷಯ ಕೇಳಿ, “ಹಗಲು ಹಾಕ್ಕೋಬೇಡ ಅಂದಿದ್ದೆ. ಮೂರು ಮೂರು ಹಾಕ್ಕೋ ಅಂದಿದ್ನಾ?” ಎಂದರು. ಕೌಂಟರಿಗೆ ತಮ್ಮ ಸೊಸೆಯನ್ನೇ ತಂದು ಕೂರಿಸಿದರು. ಚಿಕ್ಕಮ್ಮ ಮತ್ತೆ ಹಿಂದಿನ ಕೋಣೆಗೆ ಹೋದಳು.

“ಹೋಗ್ಲಿ ಬಿಡೇ, ಮೊದಲಿಗಿಂತ ಎಷ್ಟೋ ವಾಸಿ ಕಾಣ್ತೀಯ,” ಎಂದಳು ಅಮ್ಮ.

“ಯಾರಿಗೆ ಕಾಣ್ಲಿ ಅಕ್ಕ? ಆ ಕಲ್ಲಿಗಾ?”